ಮಳೆಗೆ ಮುಂಚಿನ ಗ್ರಾಮಸಭೆಯಲ್ಲಿ ಏನು ಕೇಳೋಣ?

ಕೊಲ್ಲಿಕರೆ (ಮಡಿಕೇರಿ ತಾಲ್ಲೂಕು)

ಮಳೆ ಹಿಡಿಯುವ ಮುಂಚೆ ನಮ್ಮಲ್ಲಿ ಗ್ರಾಮಸಭೆ ಕರೆಯುತ್ತಾರಂತೆ. ಮನೆ, ನಲ್ಲಿ, ರಸ್ತೆ ಬಗ್ಗೆ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಊರಿನ ಸುರಕ್ಷತೆ ಮಾತೆತ್ತಿದರೆ ಮಾತ್ರ ಉತ್ತರ ರೆಡಿ ಇರುತ್ತದೆ. ಕಳ್ಳತನವಾ? ಪೊಲೀಸರಿಗೆ ಹೇಳಿ. ಆನೆಯಾ? ಅರಣ್ಯ ಇಲಾಖೆ. ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕುಸಿಯಿತಾ? ಡಿಸಿ ಆಫೀಸು. ಲೈನ್ ಮೇಲೆ ಮರ ಬಿತ್ತಾ? ಚೆಸ್ಕಾಂ. ಹಾಗಾದರೆ ಪಂಚಾಯಿತಿ ಏನು ಮಾಡುತ್ತದೆ? ಎಲ್ಲರಿಗೂ ಪತ್ರ ಬರೆಯುತ್ತದೆ!

ಕೊಡಗಿನಲ್ಲಿ 2018ರ ಆಗಸ್ಟ್‌ನ ಭೂಕುಸಿತ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲ ಕಡೆ ಮೊದಲು ಕೈಹಿಡಿದು ಎಳೆದವರು ಪಕ್ಕದ ಮನೆಯವರು, ಊರಿನ ಹುಡುಗರು. ಸೇನೆ, ಎನ್‌ಡಿಆರ್‌ಎಫ್ ಬಂದದ್ದು ಆಮೇಲೆ. ರಸ್ತೆಯೇ ಇಲ್ಲದ ಮೇಲೆ ಅವರಾದರೂ ಹೇಗೆ ಬೇಗ ಬಂದಾರು? ಮೊದಲ ಕೆಲವು ಗಂಟೆ ಊರಿಗೆ ಊರೇ ಗತಿ ಅಂದಮೇಲೆ ತಯಾರಿಯೂ ಊರಲ್ಲೇ ಆಗಬೇಕು, ಅಲ್ವಾ?

ನನ್ನ ಪ್ರಶ್ನೆ ಇಷ್ಟೇ. ಮೇಲಿನವರ ದಾರಿ ಕಾಯದೆ ಪಂಚಾಯಿತಿ ತಾನೇ ಮಾಡಬಹುದಾದ್ದು ಏನೇನಿದೆ? ಸಭೆಯಲ್ಲಿ ಎದ್ದು ನಿಂತು ಕೇಳುವಂಥದ್ದು ಹೇಳಿ. "ಜಾಗೃತಿ ಮೂಡಿಸಬೇಕು" ಅನ್ನೋದು ಬೇಡ. ಅದು ಪ್ರತಿ ವರ್ಷದ ನಡಾವಳಿಯಲ್ಲೂ ಇದೆ.

ಮಾಜಿ ಮೆಂಬರು (ಸೋಮವಾರಪೇಟೆ ತಾಲ್ಲೂಕು)

ಒಂದು ಅವಧಿ ಒಳಗೆ ಕೂತು ನೋಡಿದವನು ನಾನು. ದುಡ್ಡಿಲ್ಲದೆ ಆಗುವ ಕೆಲಸದಿಂದಲೇ ಶುರು ಮಾಡುತ್ತೇನೆ.

ಪಂಚಾಯತ್‌ರಾಜ್ ಕಾಯ್ದೆಯ 64ನೇ ಪ್ರಕರಣ ನೋಡಿ. ಗ್ರಾಮ ಪಂಚಾಯಿತಿ ಅನುಮತಿ ಇಲ್ಲದೆ ಯಾರೂ ಕಟ್ಟಡ ಕಟ್ಟುವ ಹಾಗಿಲ್ಲ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತನೆ ಮಾಡಿಕೊಡುವುದು ಭೂಕಂದಾಯ ಕಾಯ್ದೆಯ 95ನೇ ಪ್ರಕರಣದ ಪ್ರಕಾರ ಡಿಸಿ ಅಧಿಕಾರ, ಸರಿ. ಆದರೆ ಆ ಜಾಗದಲ್ಲಿ ಏಳುವ ಕಟ್ಟಡದ ಕಡತ ಪಂಚಾಯಿತಿ ಮೇಜಿನ ಮೇಲೆ ಬಂದೇ ಬರುತ್ತದೆ. ಅಲ್ಲಿ ನಾವು ನೋಡುತ್ತಿದ್ದದ್ದು ಏನು? ಆರ್‌ಟಿಸಿ, ನಕ್ಷೆ, ತೆರಿಗೆ ರಸೀದಿ. ಹಿಂದಿನ ಬರೆಯನ್ನು ಎಷ್ಟು ಎತ್ತರಕ್ಕೆ ನೇರವಾಗಿ ಕತ್ತರಿಸಿದ್ದಾರೆ, ತೆಗೆದ ಮಣ್ಣನ್ನು ಎಲ್ಲಿ ಸುರಿದಿದ್ದಾರೆ, ಮೇಲಿನ ನೀರು ಯಾವ ಕಡೆ ಹೋಗಬೇಕು, ಇದನ್ನು ಯಾರೂ ಕೇಳುವುದಿಲ್ಲ. ಜೆಸಿಬಿ ಬಂದು ಒಂದು ದಿನದಲ್ಲಿ ಬರೆ ಕಡಿದು ಹೋಗುತ್ತದೆ. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿ? ತೆಗೆದ ಮಣ್ಣನ್ನು ಪಕ್ಕದ ಕೊಲ್ಲಿಗೆ, ಅಂದರೆ ಸಣ್ಣ ಹಳ್ಳಕ್ಕೆ ತಳ್ಳುತ್ತಾರೆ. ನೀರಿನ ದಾರಿ ಮುಚ್ಚಿ, ಮಳೆ ಬಂದಾಗ ಅದೇ ಮಣ್ಣು ಕೆಳಗಿನವರ ಮನೆಗೆ ಬರುತ್ತದೆ.

ಯಾಕೆ ಕೇಳುವುದಿಲ್ಲ ಅಂದರೆ, ಅರ್ಜಿ ಹಾಕಿದವನು ನೆಂಟ, ಇಲ್ಲವಾದರೆ ವೋಟು. ಅಧಿಕಾರ ಇಲ್ಲ ಅನ್ನೋದು ನೆಪ. ಸಭೆಯಲ್ಲಿ ಇದನ್ನೇ ಕೇಳಿ: ಇಳಿಜಾರಿನಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ಸ್ಥಳ ನೋಡಿ ಫೋಟೊ ಸಮೇತ ಕಡತಕ್ಕೆ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಬರೆ ಅಗೆಯಲು ಯಾರಿಗೂ ಅನುಮತಿ ಇಲ್ಲ ಅಂತ ನಿರ್ಣಯ ಆಗಬೇಕು.

ಮಡಿಕೇರಿ ಮಂಜು

ನಿರ್ಣಯ ಚೆನ್ನಾಗಿದೆ. ಯಾರ ಮೇಲೆ ಬೀಳುತ್ತದೆ ಅನ್ನೋದೂ ನೋಡಬೇಕಲ್ವಾ? ರೆಸಾರ್ಟ್‌ನವನು ಇಂಜಿನಿಯರ್ ಸಹಿ ತಂದು ಕೊಡುತ್ತಾನೆ. ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಎರಡು ಕೋಣೆ ಕಟ್ಟಿಕೊಂಡವರು ಎಲ್ಲಿಂದ ತರಬೇಕು?

ಮಡಿಕೇರಿಯ ಇಳಿಜಾರಿನ ಬಡಾವಣೆಗಳಿಗೆ ಮಳೆಗಾಲ ಬಂತು ಅಂದರೆ ನೋಟಿಸ್ ಬರುತ್ತದೆ: ನಿಮ್ಮ ಮನೆ ಅಪಾಯದಲ್ಲಿದೆ, ಸುರಕ್ಷಿತ ಜಾಗಕ್ಕೆ ಹೋಗಿ. ಎಲ್ಲಿಗೆ? ಬಾಡಿಗೆ ಯಾರು ಕೊಡುತ್ತಾರೆ? ಅದೇ ಮನೆಗೆ ಕರೆಂಟ್ ಕೊಟ್ಟವರೂ ಇದ್ದಾರೆ, ಕಂದಾಯ ಕಟ್ಟಿಸಿಕೊಂಡವರೂ ಇದ್ದಾರೆ. ನೋಟಿಸ್ ಕೊಟ್ಟ ದಿನ ಕೈ ತೊಳೆದುಕೊಂಡ ಹಾಗೆ.

ಮಾಜಿ ಮೆಂಬರು

ಒಪ್ಪುತ್ತೇನೆ ಮಂಜು ಅವರೇ. ಈಗಾಗಲೇ ಇರುವ ಬಡವರ ಮನೆಗೂ ಹೊಸದಾಗಿ ಏಳುವ ನಾಲ್ಕಂತಸ್ತಿಗೂ ಒಂದೇ ನಿಯಮ ಸಾಲದು. ಹೊಸದನ್ನು ತಡೆಯಬೇಕು. ಹಳೆಯದಕ್ಕೆ ನೀರು ಹರಿಯುವ ಚರಂಡಿ, ಹಿಂದೆ ತಡೆಗೋಡೆ, ಜೋರು ಮಳೆಗೆ ಮಲಗಲು ಬೇರೆ ಜಾಗ. 2018ರ ನಂತರ ಕರ್ಣಂಗೇರಿ, ಮದೆನಾಡು, ಜಂಬೂರು, ಗಾಳಿಬೀಡಿನಲ್ಲಿ ಸರ್ಕಾರ ಮನೆ ಕಟ್ಟಿಕೊಟ್ಟಿತು. ಆದರೆ ಅದು ಮನೆ ಕಳೆದುಕೊಂಡ ಮೇಲಿನ ಮಾತು.

ಮೆಣಸುಬಳ್ಳಿ (ಸಿದ್ದಾಪುರ ಕಡೆ)

ನೀವೆಲ್ಲ ಗುಡ್ಡದವರು, ಗುಡ್ಡದ ಮಾತೇ ಆಡುತ್ತೀರಿ. ನಮ್ಮಲ್ಲಿ ವರ್ಷಪೂರ್ತಿ ಮಳೆಗಾಲ, ಆನೆಯದ್ದು.

ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ, ಅಮ್ಮತ್ತಿ ಕಡೆ ಆನೆ ಕಾಡಿನಿಂದ ಬರುತ್ತದೆ ಅನ್ನೋದು ಹಳೇ ಮಾತು. ಈಗ ತೋಟದಲ್ಲೇ ಇರುತ್ತವೆ. ರೊಬಸ್ಟಾ ಗಿಡದ ನೆರಳಲ್ಲಿ ಹಗಲೆಲ್ಲ ನಿಂತಿರುತ್ತವೆ, ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಹಲಸು ಹಣ್ಣಾಗುವಾಗ ಕೇಳುವುದೇ ಬೇಡ. ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿ ಎಲ್ಲಾ ಅರಣ್ಯ ಇಲಾಖೆಯದ್ದು. ಆನೆ ಓಡಿಸುವ ಆರ್‌ಆರ್‌ಟಿ ತಂಡದ ಹುಡುಗರು ಹಗಲು ರಾತ್ರಿ ಓಡಾಡುತ್ತಾರೆ, ಅವರನ್ನು ಬೈಯಲ್ಲ. ಮನೆಯಲ್ಲಿ ಕೋವಿ ಇದೆ, ಕೈಲ್‌ಪೊಳ್ದ್ ಹಬ್ಬಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ. ಆನೆ ಎದುರಿಗೆ ಅದೂ ಉಪಯೋಗಕ್ಕಿಲ್ಲ.

ಪಂಚಾಯಿತಿ ಕೆಲಸ ಎಲ್ಲಿದೆ ಅಂದರೆ, ರಸ್ತೆ ಬದಿಯ ಕಾಡು ಸವರುವುದರಲ್ಲಿ. ಬೆಳಗ್ಗೆ ಕೆಲಸದವರು ನಡೆದು ಬರುವ ದಾರಿ, ಮಕ್ಕಳು ಬಸ್ಸಿಗೆ ನಿಲ್ಲುವ ಜಾಗ, ಈ ಎರಡು ಕಡೆಯಾದರೂ ಪೊದೆ ತೆಗೆದು ದೀಪ ಹಾಕಲಿ. ತಿರುವಿನ ಆಚೆ ಏನಿದೆ ಅಂತ ಕಂಡರೆ ಅರ್ಧ ಜೀವ ಉಳಿಯುತ್ತದೆ. ನಮ್ಮ ಕಡೆ ಬೀದಿದೀಪ ಹಗಲು ಉರಿಯುತ್ತದೆ, ರಾತ್ರಿ ಆರುತ್ತದೆ. ಸ್ವಿಚ್ ಹಾಕುವ ನೀರುಗಂಟಿ ಒಬ್ಬನೇ, ಅವನು ನೀರು ಬಿಡಬೇಕಾ, ದೀಪ ನೋಡಬೇಕಾ?

ತಾವರೆಕೆರೆ ಹುಡುಗ

ಮೊದಲು ಹೊರಗಿಂದ ಬಂದ ಕೆಲಸದವರ ಲೆಕ್ಕ ತೆಗೆಯಿರಿ ಸ್ವಾಮಿ. ಯಾರು ಎಲ್ಲಿಂದ ಬಂದರು ಗೊತ್ತಿಲ್ಲ. ಎಲ್ಲಾ ಕಡೆ ಸಿಸಿ ಕ್ಯಾಮೆರಾ ಹಾಕಿ. ಸುರಕ್ಷತೆ ಅಂದರೆ ಅದೇ.

ಮೆಣಸುಬಳ್ಳಿ

ತಮ್ಮಾ, ಕೆಲಸಕ್ಕೆ ಇಟ್ಟುಕೊಂಡವರು ಮಾಹಿತಿ ಠಾಣೆಗೆ ಕೊಡಬೇಕು, ನಿಜ. ನಾನು ಕೊಡುತ್ತೇನೆ. ಆದರೆ ಆನೆ ಸಿಕ್ಕಾಗ ಮೊದಲು ಸಿಗುವವರು ಯಾರು? ಬೆಳಗಿನ ಮಂಜಲ್ಲಿ ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲುಮನೆ) ನಡೆದು ಬರುವ ಇವರೇ. ಅಸ್ಸಾಮಿನಿಂದ ಬಂದವರಿಗೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನ ಕನ್ನಡ ಮೆಸೇಜ್ ಓದಲು ಬರುವುದಿಲ್ಲ. "ಆನೆ ಇಂಥ ತೋಟದಲ್ಲಿದೆ, ಇವತ್ತು ಆ ದಾರಿ ಬೇಡ" ಅಂತ ಅವರಿಗೆ ಯಾರು ಹೇಳುತ್ತಾರೆ? ಲೆಕ್ಕ ತೆಗೆಯುವುದಾದರೆ ಅದಕ್ಕೂ ತೆಗೆಯಲಿ. ಯಾವ ಲೈನ್ ಮನೆಯಲ್ಲಿ ಎಷ್ಟು ಜನ, ಯಾರಿಗೆ ಫೋನ್ ಮಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆ ಅಂತ ಪಂಚಾಯಿತಿ ಬರೆದಿಟ್ಟುಕೊಳ್ಳಲಿ.

ಕ್ಯಾಮೆರಾ ಪೇಟೆಗೆ ಸರಿ. ನಮ್ಮ ಕಡೆ ಕರೆಂಟ್ ಇದ್ದರೆ ತಾನೇ.

ಕಾವೇರಿ ದಂಡೆ (ಕುಶಾಲನಗರ)

ನಾವು ಪುರಸಭೆಯವರು, ಗ್ರಾಮಸಭೆ ಇಲ್ಲ. ಆದರೂ ಹೇಳುತ್ತೇನೆ.

2018ರಲ್ಲಿ ನಮ್ಮ ಬಡಾವಣೆಗೆ ಹೊಳೆ ನುಗ್ಗಿತು. ಶತಮಾನಕ್ಕೊಮ್ಮೆ ಬರುವ ನೀರು ಅಂದರು. 2019ರಲ್ಲಿ ಮತ್ತೆ ಬಂತು. ಅದೇ ವರ್ಷ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯಲ್ಲೂ ಹೊಳೆಬದಿ ಜನ ಮನೆ ಕಳೆದುಕೊಂಡರು. ಗದ್ದೆ ಇದ್ದ ಜಾಗಕ್ಕೆ ಮಣ್ಣು ತುಂಬಿಸಿ ನಿವೇಶನ ಮಾಡಿದರೆ ಹೊಳೆಗೆ ಅದು ಹೇಗೆ ಗೊತ್ತಾಗಬೇಕು?

ನೀರು ಬಂದ ರಾತ್ರಿ ನಮಗೆ ಬೇಕಾಗಿದ್ದದ್ದು ಒಂದು ಪಟ್ಟಿ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾರು ಡಯಾಲಿಸಿಸ್‌ಗೆ ಹೋಗುತ್ತಾರೆ, ಯಾರಿಗೆ ತಿಂಗಳು ತುಂಬಿದೆ, ಯಾವ ಮನೆಯಲ್ಲಿ ಒಬ್ಬರೇ ಇದ್ದಾರೆ. ಆಶಾ ಕಾರ್ಯಕರ್ತೆಗೆ ಎಲ್ಲಾ ಬಾಯಿಪಾಠ. ಆದರೆ ಅವರ ಮನೆಗೂ ನೀರು ನುಗ್ಗಿತ್ತು, ಫೋನ್ ನೆನೆದಿತ್ತು. ದೋಣಿ ತಂದವರು ಮೊದಲು ಕೂಗಿ ಕರೆದವರ ಮನೆಗೆ ಹೋದರು. ಕೂಗಲು ಆಗದವರು ಕೊನೆಗೆ ಸಿಕ್ಕರು.

ಈ ಪಟ್ಟಿಗೆ ಇಂಜಿನಿಯರ್ ಬೇಕಾ? ಟೆಂಡರ್ ಬೇಕಾ? ಮೇ ತಿಂಗಳಲ್ಲಿ ಮನೆಮನೆಗೆ ಹೋಗಿ ಬರೆದು, ಒಂದು ಪ್ರತಿ ಪಿಡಿಒ ಹತ್ತಿರ, ಒಂದು ಆಶಾ ಹತ್ತಿರ, ಒಂದು ಹತ್ತಿರದ ಶಾಲೆಯಲ್ಲಿ ಇಟ್ಟರೆ ಆಯ್ತು. ಕಾಗದದಲ್ಲೇ ಇರಲಿ.

ಕೊಲ್ಲಿಕರೆ

ಅಕ್ಕ, ಇದು ನನ್ನ ಪಟ್ಟಿಯಲ್ಲಿ ಮೊದಲನೆಯದು. ಥ್ಯಾಂಕ್ಸ್. ನೀರು ಇಳಿದ ಮೇಲೆ ಏನಾಯಿತು?

ಕಾವೇರಿ ದಂಡೆ

ಮೊಣಕಾಲಷ್ಟು ಕೆಸರು. ಬಾವಿ ನೀರು ಮುಟ್ಟುವ ಹಾಗಿರಲಿಲ್ಲ. ಹಾವು ಅಲಮಾರಿಯಲ್ಲಿ. ಕಾಳಜಿ ಕೇಂದ್ರದಲ್ಲಿ (ಸಂತ್ರಸ್ತರನ್ನು ಇರಿಸುವ ಜಾಗ) ಊಟಕ್ಕೆ ಕೊರತೆ ಇರಲಿಲ್ಲ, ಕೊಡಗಿನವರು ಆ ವಿಷಯದಲ್ಲಿ ಕೈ ಬಿಡುವುದಿಲ್ಲ. ಹೆಂಗಸರಿಗೆ ಶೌಚಾಲಯದ ಕಷ್ಟವೇ ಜಾಸ್ತಿ. ಕಾಳಜಿ ಕೇಂದ್ರ ಮಾಡುವ ಶಾಲೆಯ ಶೌಚಾಲಯಕ್ಕೆ ನೀರು, ಚಿಲಕ, ಲೈಟು ಇದೆಯಾ ಅಂತ ಈಗಲೇ ನೋಡಿಸಿ.

ಟೀಚರಮ್ಮ (ಪೊನ್ನಂಪೇಟೆ ತಾಲ್ಲೂಕು)

ಚಿಲಕದ ಮಾತು ನೂರಕ್ಕೆ ನೂರು ನಿಜ.

ಮಕ್ಕಳ ಗ್ರಾಮಸಭೆ ಅಂತ ಒಂದಿದೆ. ಬಹಳ ಕಡೆ ಮಕ್ಕಳಿಗೆ ಬಿಸ್ಕತ್ತು ಕೊಟ್ಟು ಫೋಟೊ ತೆಗೆದು ಮುಗಿಸುತ್ತಾರೆ. ಒಮ್ಮೆ ನಮ್ಮ ಮಕ್ಕಳಿಗೆ ಮನೆಯಿಂದ ಶಾಲೆಗೆ ಬರುವ ದಾರಿಯ ಚಿತ್ರ ಬರೆಯಲು ಹೇಳಿ, ಭಯ ಆಗುವ ಜಾಗಕ್ಕೆ ಕೆಂಪು ಬಣ್ಣ ಹಾಕಿ ಅಂದೆ. ಆನೆ ದಾಟುವ ಜಾಗ ಬರುತ್ತದೆ ಅಂತ ಗೊತ್ತಿತ್ತು. ಕೈಹಿಡಿ ಇಲ್ಲದ ಮರದ ಸೇತುವೆ ಬಂತು. ನಾಯಿ ಗುಂಪು ಬಂತು. ಆದರೆ ಹೆಣ್ಣುಮಕ್ಕಳಲ್ಲಿ ಜಾಸ್ತಿ ಜನ ಕೆಂಪು ಬಳಿದದ್ದು ಒಂದೇ ಜಾಗಕ್ಕೆ. ಬಸ್ ನಿಲ್ದಾಣದ ಹಿಂದೆ ಕುಡಿಯಲು ಕೂರುವ ಕಟ್ಟೆ. ದೊಡ್ಡವರು ಯಾರೂ ಸಭೆಯಲ್ಲಿ ಅದನ್ನು ಎತ್ತಿರಲಿಲ್ಲ. ಕೂರುವವರು ಊರಿನವರೇ ಅಲ್ವಾ!

ಚಿತ್ರಗಳನ್ನು ಅಧ್ಯಕ್ಷರ ಮೇಜಿನ ಮೇಲೆ ಇಟ್ಟೆವು. ಅಲ್ಲಿಗೆ ದೀಪ ಬಂತು, ಬೀಟ್ ಪೊಲೀಸರು ಸಂಜೆ ಒಂದು ಸುತ್ತು ಬರತೊಡಗಿದರು. ಪಂಚಾಯಿತಿ ಮಟ್ಟದಲ್ಲಿ ಮಹಿಳೆಯರ ಮತ್ತು ಮಕ್ಕಳ ಕಾವಲು ಸಮಿತಿ ಇರಬೇಕು. ನಿಮ್ಮಲ್ಲಿ ಅದು ಇದೆಯಾ, ಕೊನೆಯ ಸಲ ಯಾವಾಗ ಸೇರಿತ್ತು ಅಂತ ಕೇಳಿ. ಉತ್ತರ ಬರುವ ತನಕ ಕೂರಬೇಡಿ.

ಜೀಪ್ ಡ್ರೈವರ್ (ಮಾಂದಲ್‌ಪಟ್ಟಿ ರೂಟ್)

ಹೋಂಸ್ಟೇ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಬೋರ್ಡ್ ಇಲ್ಲದ, ರಿಜಿಸ್ಟರ್ ಆಗದ ಎಷ್ಟೋ ಮನೆಗಳಿಗೆ ಜನ ಬಿಟ್ಟು ಬಂದಿದ್ದೇನೆ. ಒಳಗೆ ಯಾರಿದ್ದಾರೆ ಅಂತ ಪಂಚಾಯಿತಿಗೂ ಗೊತ್ತಿಲ್ಲ, ಠಾಣೆಗೂ ಗೊತ್ತಿಲ್ಲ. ರಾತ್ರಿ ಬರೆ ಬಿದ್ದರೆ ಯಾರನ್ನು ಹುಡುಕುವುದು? ಕೆಲವು ಕಡೆ ಕಿಟಕಿಯೇ ಇಲ್ಲದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ. ಲೈಸೆನ್ಸ್ ಕೊಡುವಾಗ ಬಾತ್‌ರೂಮ್ ಒಂದು ನೋಡಿ ಬಂದರೆ ಸಾಕು. ಚೇಲಾವರ, ಮಲ್ಲಳ್ಳಿ ಜಲಪಾತದ ಕಡೆಯೂ ಅಷ್ಟೇ, ಎಚ್ಚರಿಕೆ ಬೋರ್ಡಿನ ಮುಂದೆಯೇ ಸೆಲ್ಫಿ. ವಾಹನ ನಿಲ್ಲಿಸಲು ವಸೂಲಿ ಮಾಡುವವರು ಇರುತ್ತಾರೆ. ನೀರಿಗೆ ಇಳಿಯಬೇಡಿ ಅನ್ನಲು ಒಬ್ಬ ಇರುವುದಿಲ್ಲ.

ಹೋಂಸ್ಟೇ ಕಸದ ಮಾತು ಬೇರೆ. ಕೋಳಿ ಮೂಳೆ ರಸ್ತೆ ಬದಿಗೆ. ಅದಕ್ಕೆ ನಾಯಿ, ನಾಯಿಗೆ ಚಿರತೆ.

ಕುಟ್ಟ ಗಡಿ

ಗಡಿ ಆಚೆ ಹೇಗಿದೆ ಹೇಳಲಾ? ಕೇರಳದಲ್ಲಿ 2018ರ ಪ್ರವಾಹ ಆದ ಮೇಲೆ ಪಂಚಾಯಿತಿಗಳಿಂದಲೇ ವಿಪತ್ತು ನಿರ್ವಹಣೆ ಯೋಜನೆ ಬರೆಸಿದರು. "ನಮ್ಮಳ್ ನಮುಕ್ಕಾಯಿ" (ನಾವು ನಮಗಾಗಿ) ಅಂತ ಅದಕ್ಕೊಂದು ಅಭಿಯಾನ. ವಾರ್ಡ್ ಮೆಂಬರ್‌ಗೆ ಅಲ್ಲಿ ಮರ್ಯಾದೆಯೂ ಇದೆ, ಕೆಲಸವೂ ಇದೆ. ನಮ್ಮಲ್ಲಿ ಮೆಂಬರ್ ಅಂದರೆ ಮನೆ ಪಟ್ಟಿಗೆ ಹೆಸರು ಸೇರಿಸುವವನು.

ಮಡಿಕೇರಿ ಮಂಜು

ಯೋಜನೆ ಇದ್ದೂ 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಯಿತಲ್ಲ. ಕಾಗದ ಗುಡ್ಡವನ್ನು ಹಿಡಿದು ನಿಲ್ಲಿಸುತ್ತದಾ?

ಕುಟ್ಟ ಗಡಿ

ನಿಲ್ಲಿಸಲ್ಲ. ಆದರೆ ಗುಡ್ಡ ಬಿದ್ದ ಮೇಲೆ ಯಾವ ಮನೆಯಲ್ಲಿ ಎಷ್ಟು ಜನ ಇದ್ದರು ಅಂತ ಲೆಕ್ಕ ಹಾಕಲು ರೇಷನ್ ಕಾರ್ಡಿನ ಪಟ್ಟಿ ಹಿಡಿದು ಕೂರಬೇಕಾಯಿತು. ಕಾವೇರಿ ದಂಡೆಯವರು ಹೇಳಿದ ಪಟ್ಟಿ ಅಲ್ಲಿಯೂ ಬೇಕಾಗಿತ್ತು, ಅಷ್ಟೇ ನನ್ನ ಮಾತು.

ಮಾಜಿ ಮೆಂಬರು

ನಮ್ಮ ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಸೆಕ್ಷನ್ ಸ್ಥಳೀಯ ಸಂಸ್ಥೆಗಳ ಕೆಲಸ ಏನು ಅಂತ ಹೇಳುತ್ತದೆ. ಸಿಬ್ಬಂದಿಗೆ ತರಬೇತಿ ಕೊಡಬೇಕು. ಸಲಕರಣೆಗಳನ್ನು ಬಳಸುವ ಸ್ಥಿತಿಯಲ್ಲಿ ಇಟ್ಟುಕೊಂಡಿರಬೇಕು. ತನ್ನ ವ್ಯಾಪ್ತಿಯ ಕಟ್ಟಡ ಕಾಮಗಾರಿ ನಿಗದಿತ ಮಾನದಂಡದ ಪ್ರಕಾರ ನಡೆಯುತ್ತಿದೆಯಾ ನೋಡಬೇಕು. ಪಿಡಿಒ "ಅದು ನಮ್ಮದಲ್ಲ" ಅಂದರೆ ಈ ಸೆಕ್ಷನ್ ಓದಿ ಹೇಳಿ.

ಇನ್ನೊಂದು ವಿಚಿತ್ರ ನೋಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು. ಜೊತೆಗೆ ಚುನಾಯಿತ ಪ್ರತಿನಿಧಿ ಸಹ ಅಧ್ಯಕ್ಷರಾಗಿ ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಅದು ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಕುರ್ಚಿ. 2016ರಲ್ಲಿ ಆರಿಸಿ ಬಂದ ಜಿಲ್ಲಾ ಪಂಚಾಯಿತಿಯ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಳೇ ಉರುಳಿದವು, ಚುನಾವಣೆ ಮಾಡಲಿಲ್ಲ. ಎಷ್ಟು ಮಳೆಗಾಲ ಆ ಕುರ್ಚಿ ಖಾಲಿ ಇತ್ತು ನೀವೇ ಲೆಕ್ಕ ಹಾಕಿ. ಊರಿನ ಮಾತು ಮೇಲೆ ತಲುಪುವ ಏಣಿಯ ನಡುವಿನ ಮೆಟ್ಟಿಲೇ ಮುರಿದಿತ್ತು.

ಮೆಣಸುಬಳ್ಳಿ

ಮಳೆ ಲೆಕ್ಕದ ಒಂದು ಮಾತು. ಕೊಡಗಿನ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವವರು. ನಮ್ಮ ತಾತ ಬರೆದ ಪುಸ್ತಕ ಇನ್ನೂ ಇದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಪ್ರತಿ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಮಳೆಮಾಪಕ ಹಾಕಿದ್ದಾರೆ. ಆದರೆ ಒಂದೇ ಪಂಚಾಯಿತಿಯಲ್ಲಿ ಗುಡ್ಡದ ಮೇಲೊಂದು ಮಳೆ, ಕೆಳಗೊಂದು ಮಳೆ. ಗುಡ್ಡದ ತಲೆಯಲ್ಲಿರುವ ನಾಲ್ಕೈದು ತೋಟದವರು ಬೆಳಗ್ಗೆ, ಸಂಜೆ ತಮ್ಮ ಇಂಚನ್ನು ಪಂಚಾಯಿತಿ ಗುಂಪಿಗೆ ಹಾಕಲಿ. ಎರಡು ಮೂರು ದಿನ ಬಿಡದೆ ಸುರಿದು ಮಣ್ಣು ನೆನೆದ ಮೇಲೆ ಬೀಳುವ ಜೋರು ಮಳೆಯೇ ಅಪಾಯ. ಇಷ್ಟಾದರೆ ಜನರನ್ನು ಏಳಿಸಬೇಕು ಅಂತ ಭೂವಿಜ್ಞಾನದವರನ್ನು ಕೇಳಿ ಒಂದು ಅಂಕಿ ನಿಗದಿ ಮಾಡಿಸಿ.

ಟೀಚರಮ್ಮ

ಜೊತೆಗೆ ಕಣ್ಣಿಗೆ ಕಾಣುವ ಗುರುತುಗಳನ್ನೂ ಬರೆದು ಅಂಗನವಾಡಿ, ನ್ಯಾಯಬೆಲೆ ಅಂಗಡಿ ಗೋಡೆಗೆ ಅಂಟಿಸಲಿ. ಅಂಗಳದಲ್ಲಿ, ತೋಟದಲ್ಲಿ ಹೊಸ ಬಿರುಕು. ತಿಳಿಯಾಗಿದ್ದ ಒರತೆ ಕೆಂಪಾಗುವುದು. ಇಲ್ಲದ ಕಡೆ ಉಜರು (ನೆಲದಿಂದ ಜಿನುಗುವ ನೀರು) ಏಳುವುದು. ಮರ, ಕರೆಂಟ್ ಕಂಬ ವಾಲುವುದು. ಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾಗುವುದು. ಜೋರು ಮಳೆಯಲ್ಲೂ ತೋಡಿನ ನೀರು ಕಡಿಮೆಯಾದರೆ ಮೇಲೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಆಗ ಫೋಟೊ ತೆಗೆಯುತ್ತಾ ನಿಲ್ಲಬಾರದು. 1077, 112 ನಂಬರ್ ಕೆಳಗೆ ದೊಡ್ಡದಾಗಿ ಬರೆಯಲಿ.

ತಾವರೆಕೆರೆ ಹುಡುಗ

ಇದಕ್ಕೆಲ್ಲ ಪಂಚಾಯಿತಿಯಲ್ಲಿ ದುಡ್ಡು ಎಲ್ಲಿದೆ?

ಮಾಜಿ ಮೆಂಬರು

ಪಟ್ಟಿಗೆ, ಪೋಸ್ಟರಿಗೆ, ಇಂಚಿಗೆ ಎಷ್ಟು ದುಡ್ಡು ಬೇಕಪ್ಪ?

ದೀಪ, ಚರಂಡಿಗೆ ಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿತ್ತು. ಉಳಿದ ಶೇ 40ಕ್ಕೆ ಎಲ್ಲರ ಕಣ್ಣು. ವಿಪತ್ತಿನ ದುಡ್ಡು ಬರುವುದು ಡಿಸಿ, ತಹಶೀಲ್ದಾರ್ ಕೈಗೆ. ಉಳಿಯುವುದು ಮನೆ ಕಂದಾಯ, ಲೈಸೆನ್ಸ್ ಶುಲ್ಕ. ರೆಸಾರ್ಟ್, ಹೋಂಸ್ಟೇಗಳಿಂದ ಸರಿಯಾಗಿ ವಸೂಲಾದರೆ ನಮ್ಮ ಜಿಲ್ಲೆಯ ಪಂಚಾಯಿತಿಗಳು ಬೇರೆ ಜಿಲ್ಲೆಯಷ್ಟು ಬಡವ ಆಗಬೇಕಾಗಿಲ್ಲ. ಮನೆ ಅಂತ ತೋರಿಸಿ ಮನೆ ಕಂದಾಯ ಕಟ್ಟಿ, ಒಳಗೆ ಎಂಟು ರೂಮು ಬಾಡಿಗೆಗೆ ಬಿಡುವವರನ್ನು ಮೊದಲು ಹಿಡಿಯಲಿ. ಜೀಪ್ ಅಣ್ಣ ಹೇಳಿದ ರಿಜಿಸ್ಟ್ರೇಷನ್ ಕೆಲಸವೂ ಅದರಲ್ಲೇ ಆಯ್ತು.

ಕೊಲ್ಲಿಕರೆ

ಸರಿ, ಇಷ್ಟು ಬರೆದುಕೊಂಡೆ. ಒಂದು, ಕೈಲಾಗದವರ ಪಟ್ಟಿ, ಲೈನ್ ಮನೆಗಳನ್ನೂ ಸೇರಿಸಿ. ಎರಡು, ಮಳೆಗಾಲದಲ್ಲಿ ಬರೆ ಅಗೆಯಬಾರದು, ಹೊಸ ಕಟ್ಟಡಕ್ಕೆ ಸ್ಥಳ ನೋಡದೆ ಅನುಮತಿ ಇಲ್ಲ. ಮೂರು, ಮಕ್ಕಳು ಬಸ್ಸಿಗೆ ನಿಲ್ಲುವ ಕಡೆ ಕಾಡು ಸವರಿ ದೀಪ. ನಾಲ್ಕು, ಹೋಂಸ್ಟೇ ಲೆಕ್ಕ. ಜಾಸ್ತಿ ಹಾಕಿದರೆ ಎಲ್ಲವನ್ನೂ "ಪರಿಶೀಲಿಸಲಾಗುವುದು" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ತಡೆಗೋಡೆ ಬಿಟ್ಟಿದ್ದೇನೆ ಮಂಜು ಅವರೇ, ಅದು ನಮ್ಮ ಪಂಚಾಯಿತಿ ದುಡ್ಡಲ್ಲಿ ಆಗುವುದಿಲ್ಲ.

ಮಡಿಕೇರಿ ಮಂಜು

ಬಿಡಬೇಡಿ. ಆಗಲ್ಲ ಅಂತಾದರೂ ನಡಾವಳಿಯಲ್ಲಿ ಬರೆಯಲಿ. ನಾಳೆ ಗೋಡೆ ಬಿದ್ದಾಗ ಯಾರೂ ಕೇಳಿರಲಿಲ್ಲ ಅನ್ನಬಾರದು.

ಮಾಜಿ ಮೆಂಬರು

ಹೌದು, ಅದನ್ನೂ ಸೇರಿಸಿ. ಬಾಯಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲ್ ಹಾಕಿಸಿ ಸ್ವೀಕೃತಿ ತಗೊಳ್ಳಿ. ನಡಾವಳಿ ಪುಸ್ತಕದಲ್ಲಿ ಖಾಲಿ ಜಾಗ ಬಿಟ್ಟು ಮೊದಲೇ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ. ಓದಿಸಿ ಆಮೇಲೆ ಸಹಿ ಹಾಕಿ.

ಜೀಪ್ ಡ್ರೈವರ್

ನಮ್ಮ ಜೀಪುಗಳ ನಂಬರನ್ನೂ ಬರೆದಿಟ್ಟುಕೊಳ್ಳಲಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಟೂರಿಸ್ಟ್ ಕಡಿಮೆ, ಗಾಡಿ ಸುಮ್ನೆ ನಿಂತಿರುತ್ತದೆ. ಕೆಸರಲ್ಲಿ ಫೋರ್ ವೀಲ್ ಬಿಟ್ಟು ಬೇರೆ ಯಾವುದೂ ಹತ್ತಲ್ಲ. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಬರುತ್ತೇವೆ. ಡೀಸೆಲ್ ಯಾರು ಹಾಕಿಸುತ್ತಾರೆ ಅನ್ನೋದನ್ನು ಮಾತ್ರ ಸಭೆಯಲ್ಲೇ ಬರೆಸಿ. 2018ರ ಬಿಲ್ಲು ನನ್ನ ಡ್ಯಾಶ್‌ಬೋರ್ಡಿನಲ್ಲಿ ಇನ್ನೂ ಇದೆ.

ಮಾಜಿ ಮೆಂಬರು

ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಅಂತ ಬರೆಸಿ. "ಅನುದಾನ ಲಭ್ಯತೆ ಮೇರೆಗೆ" ಅಂತ ಸೇರಿಸಲು ಬಂದರೆ ಒಪ್ಪಬೇಡಿ.